ಹೊಸ ಮಾಪು

"ನಿನ್ನ ಕೈಯೇ ಗಲೀಜು ಕಣೇ! ಆರು ಜನಕ್ಕೆ ಭೇದಿ ಹತ್ತಿಸಿದೀಯಲ್ಲೇ, ದರಿದ್ರದವಳೇ!"

ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊಸ್ತಿಲಾಚೆಗೇ ನಿಂತಿದ್ದ. ಒಳಗೆ ಬಕೆಟ್ಟಕ್ಕ ಮೊಣಕಾಲೂರಿ ದರ್ಜಿ ಅಜ್ಜನ ಮಂಚದಡಿ ಒರೆಸುತ್ತಿದ್ದಳು. ಆ ವೃದ್ಧಾಶ್ರಮದಲ್ಲಿ ಅವಳಿಗೆ ಅದೇ ಹೆಸರು. ಅವಳಿಗಿಂತ ಮೊದಲು ಬಕೆಟ್ಟಿನ ಸದ್ದು ಬರುತ್ತಿತ್ತು.

"ಕೈ ಅಲ್ಲ ಸಾರ್, ಬಟ್ಟೆ. ಕಕ್ಕಸಿಗೂ ಇದೇ, ಊಟದ ಮನೆಗೂ ಇದೇ. ಬೇರೆ ಕೊಡಿ ಅಂತ ಕೇಳಿ ಕೇಳಿ ಬಾಯಿ ಸವೀತು."

"ಎಲ್ಲಿ ಸವೆದಿದೆ? ನಾಲಿಗೆ ಮೊಳ ಉದ್ದ ಇದೆ! ಇವತ್ತು ತಪಾಸಣೆಗೆ ಸಾಹೇಬ್ರು ಬರ್ತಾರೆ. ಕೈ ತೊಳೀತಿರ್ಲಿಲ್ಲ, ನಂದೇ ತಪ್ಪು ಅಂತ ಅವರ ಮುಂದೆ ಹೇಳು. ಇಲ್ದಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಅವನು ಹೋದ ಮೇಲೆ ಅಜ್ಜ ಕಣ್ಣು ಬಿಟ್ಟ. ಎರಡು ದಿನದಿಂದ ಹೊಟ್ಟೆಯಲ್ಲಿ ಗುಟುಕು ನೀರೂ ನಿಂತಿರಲಿಲ್ಲ. ತುಟಿ ಬಿರುಕು ಬಿಟ್ಟಿತ್ತು.

"ಹೇಳ್ಬಿಡು ಮಗಳೇ. ಹೊಟ್ಟೆಪಾಡು."

"ಹೇಳಿದ್ರೆ ನಾಳೆ ನಿಮ್ಮ ತಟ್ಟೆ ಹತ್ರಾನೂ ಇದೇ ಬಟ್ಟೆ ಓಡಾಡುತ್ತೆ, ಅಜ್ಜ."

ಅಜ್ಜ ಅವಳ ಕೈಲಿದ್ದ ಬಟ್ಟೆಯನ್ನೇ ನೋಡಿದ. "ಜೀವಮಾನವೆಲ್ಲ ಬಟ್ಟೆ ಹೊಲಿದವನು ನಾನು. ಇದು ಬಟ್ಟೆ ಅಲ್ಲ ಕಣೇ, ಬಟ್ಟೆ ಸತ್ತು ಆಗಿರೋ ದೆವ್ವ."

ನಗಲು ಹೋಗಿ ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡ. ಅವಳು ಅವನ ಮೈ ಒರೆಸಿ, ಹಾಸಿಗೆಯದನ್ನೆಲ್ಲ ಬಕೆಟ್ಟಿಗೆ ಬಳಿದುಕೊಂಡು ಎದ್ದಳು.

ಬಕೆಟ್ಟು ಹಿಡಿದು ಪಡಸಾಲೆಗೆ ಬರುವಷ್ಟೊತ್ತಿಗೆ ಬೀರುವಿನ ಬೀಗ ತೆರೆದಿತ್ತು. ಕಕ್ಕಸಿಗೆ ಕೆಂಪು, ಊಟದ ಮನೆಗೆ ನೀಲಿ, ಕೋಣೆಗಳಿಗೆ ಹಸಿರು: ನೆಲ ಒರೆಸುವ ಮೂರು ಮಾಪುಗಳು ಪ್ಲಾಸ್ಟಿಕ್ ಕವರಿನ ಸಮೇತ ಗೋಡೆಯ ಕೊಕ್ಕೆ ಏರಿದ್ದವು. ತಪಾಸಣೆಯ ದಿನ ಬಂದು ಸಂಜೆಗೆ ಬೀರು ಸೇರುವ ನೆಂಟರು ಅವು.

"ಎಷ್ಟು ಚೊಕ್ಕ ಇಟ್ಟಿದೀರಿ!" ಎಂದರು ಸಾಹೇಬರು.

"ನಮ್ಮ ಕಡೆಯಿಂದ ಏನೂ ಕಮ್ಮಿ ಇಲ್ಲ ಸಾರ್. ಈ ಭೇದಿಯೆಲ್ಲಾ ಇವಳ ಕೈಗುಣ." ಮ್ಯಾನೇಜರನ ದನಿಗೆ ಬೆಣ್ಣೆ ಸವರಿದಂತಿತ್ತು. "ಹೇಳಮ್ಮಾ, ಹೆದರ್ಬೇಡ."

ಬಕೆಟ್ಟಕ್ಕ ಕೈ ಚಾಚಿ ಒಂದೊಂದೇ ಮಾಪು ಇಳಿಸಿದಳು. ಪ್ಲಾಸ್ಟಿಕ್ಕನ್ನು ಹಲ್ಲಲ್ಲಿ ಕಚ್ಚಿ ಹರಿದಳು. ನೀಲಿಯನ್ನೂ ಹಸಿರನ್ನೂ ಬಗಲಲ್ಲಿ ಇರುಕಿಕೊಂಡಳು. ಕೆಂಪನ್ನು ಬಕೆಟ್ಟಿನ ತಳ ಮುಟ್ಟುವಂತೆ ಅದ್ದಿದಳು.

"ಏಯ್ ಮುಂಡೇಮಗಳೇ! ಹೊಸದು ಅದು!"

"ಮೂರು ವರ್ಷದಿಂದ ಹೊಸದೇ, ಸಾರ್."

ಎತ್ತಿ ಹಿಂಡದೆಯೇ ನೆಲಕ್ಕೆ ಹಾಕಿದಳು. ದುರ್ನಾತದ ನೀರು ನುಣುಪು ನೆಲದ ಮೇಲೆ ನಿಧಾನಕ್ಕೆ ಹರಿಯಿತು. ಸಾಹೇಬರು ಒಂದು ಬೂಟು ಎತ್ತಿದರು; ಅದನ್ನು ಎಲ್ಲಿ ಊರುವುದೋ ತಿಳಿಯದೆ ಹಾಗೇ ನಿಂತರು.