ನೂರು ಗಜದ ತಟ್ಟೆ

ಅಕ್ಟೋಬರ್ ಇಪ್ಪತ್ತೈದರ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಬೋಡ್ರಿಯವರ ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಕೋವಿಗಳಿದ್ದವು. ಮೇಜಿನ ಈಚೆ ಇರ್ಯಾ ಕಾಂಗಸ್ ಮತ್ತು ಅವಳ ಅಣ್ಣ ವೈನೊ ನಿಂತಿದ್ದರು. ಇರ್ಯಾಳಿಗೆ ನಲವತ್ತೇಳು. ಅಲ್ಲಿಯವರೆಗೆ ಅವಳು ಸ್ವಂತಕ್ಕೆ ಕೋವಿ ಕೊಂಡವಳಲ್ಲ.

ಒಂದು, ಯಾರೋ ಬಳಸಿ ಮಾರಿದ, ಮುನ್ನೂರರ ಮ್ಯಾಗ್ನಮ್ ಎಂಬ ದೊಡ್ಡ ಕೋವಿ. ವಾಲ್‌ನಟ್ ಮರದ ಹಿಡಿ, ಒಳ್ಳೆಯ ದುರ್ಬೀನು, ಮುನ್ನೂರ ಎಂಬತ್ತು ಡಾಲರ್. ಅದರ ಒಂದೊಂದು ತೋಟೆ ಅವಳ ನಡುಬೆರಳಿಗಿಂತ ಉದ್ದವಿತ್ತು. ಇನ್ನೊಂದು ಹೊಸದು, ಸಣ್ಣ ನಳಿಗೆಯ 243. ಕಪ್ಪು ಪ್ಲಾಸ್ಟಿಕ್ ಹಿಡಿ, ಸಾಧಾರಣ ದುರ್ಬೀನು, ನಾನೂರ ಮೂವತ್ತು. ತೋಟೆಗಳೂ ಸೇರಿ ಐನೂರು ದಾಟಬಾರದು ಎಂದು ಅವಳು ಮೊದಲೇ ಹೇಳಿದ್ದಳು.

"ಇದರಲ್ಲಿ ಯೋಚನೆ ಮಾಡೋದೇನಿದೆ ಮಾರಾಯ್ತಿ?" ವೈನೊ ಮ್ಯಾಗ್ನಮ್ಮನ್ನು ಎತ್ತಿಕೊಂಡ. "ದೊಡ್ಡದು, ಮೇಲಾಗಿ ಅಗ್ಗ. ಜಿಂಕೆ ನಿಂತಲ್ಲೇ ಬೀಳತ್ತೆ. ಅದು ಪ್ಲಾಸ್ಟಿಕ್, ಮಕ್ಕಳ ಆಟದ ಸಾಮಾನು."

"ಅಗ್ಗ ಯಾಕೆ ಅಂತ ಕೇಳಲ್ವಾ?" ಎಂದರು ಬೋಡ್ರಿ. ಎಪ್ಪತ್ತೊಂದರ ಲೂಸಿಯೆನ್ ಬೋಡ್ರಿ ಮಾತಾಡುವಾಗ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. "ಈ ಕೋವಿ ನನ್ನ ಅಂಗಡಿಗೆ ಬಂದದ್ದು ಇದು ಮೂರನೇ ಸಲ. ಪ್ರತಿ ಸಲಾನೂ ಜೊತೆಗೊಂದು ತೋಟೆ ಡಬ್ಬಿ ಬರತ್ತೆ. ಇಪ್ಪತ್ತರಲ್ಲಿ ಹದಿನಾರೋ ಹದಿನೇಳೋ ಹಾಗೇ ಉಳಿದಿರತ್ತೆ."

ವೈನೊ ನಕ್ಕ. "ಕೈಲಾಗದವರು ಕೊಂಡಿದ್ದರು ಬಿಡಿ."

ಕಳೆದ ನವೆಂಬರಿನಲ್ಲಿ ವೈನೊ ಹೊಡೆದ ಗಂಡು ಜಿಂಕೆಯೊಂದು ಹಿಂಗಾಲಿಗೆ ಗಾಯವಾಗಿ ಜೌಗಿನೊಳಗೆ ಓಡಿಹೋಗಿತ್ತು. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿದರೂ ಸಿಗಲಿಲ್ಲ. ಹಳೆಯ ಕೋವಿ ಸಣ್ಣದಾಯಿತು ಎಂಬ ತೀರ್ಮಾನಕ್ಕೆ ಬಂದು, ಬೇಸಿಗೆಯಲ್ಲಿ ಅವನೂ ಇಂಥದ್ದೇ ಮ್ಯಾಗ್ನಮ್ ಕೊಂಡಿದ್ದ.

ಕಾಡಿನೊಳಗಿನ ಕಾಂಗಸ್ ಮನೆತನದ ಬೇಟೆಯ ಗುಡಿಸಲಿನಲ್ಲಿ ಮೂರು ಮಂಚಗಳಿವೆ. ಅಪ್ಪ ಹೈಮೊ ಸತ್ತು ನಾಲ್ಕು ವರ್ಷವಾಗಿತ್ತು, ಅವನ ಮಂಚ ಖಾಲಿ ಇತ್ತು. ಅದು ತನಗೆ ಬೇಕು ಎಂದು ಇರ್ಯಾ ಹೋದ ಚಳಿಗಾಲದಲ್ಲೇ ಹೇಳಿದ್ದಳು. ಶಾಲಾ ಬಸ್ಸು ಓಡಿಸುವವಳು ಅವಳು. ಬೆಳಗಿನ ಕತ್ತಲಲ್ಲಿ ರಸ್ತೆ ದಾಟುವ ಜಿಂಕೆಗಳನ್ನು ಈ ಊರಿನಲ್ಲಿ ಅವಳಷ್ಟು ನೋಡಿದವರಿಲ್ಲ. ಸೆಪ್ಟೆಂಬರಿನಲ್ಲಿ ಬೇಟೆಯ ಸುರಕ್ಷತಾ ತರಬೇತಿಯನ್ನೂ ಮುಗಿಸಿದ್ದಳು. ಆದರೆ ಅಪ್ಪ ಮಾಡಿಟ್ಟ ನಿಯಮವೊಂದಿತ್ತು: ಬೇಟೆಯ ಹಂಗಾಮಿಗೆ ಒಂದು ವಾರ ಮುಂಚಿನ ಶನಿವಾರ, ನೂರು ಗಜ ದೂರದಲ್ಲಿ ಮೊಳೆ ಹೊಡೆದ ಕಾಗದದ ಊಟದ ತಟ್ಟೆಗೆ ಮೂರು ಈಡು. ಮೂರೂ ತಟ್ಟೆಯೊಳಗೆ ಬೀಳಬೇಕು. ಬೀಳಿಸದವರು ಆ ವರ್ಷ ಕೋವಿ ಹಿಡಿದು ಕಾಡಿಗೆ ಇಳಿಯುವಂತಿಲ್ಲ. ಇರ್ಯಾ ತಪ್ಪಿದರೆ ಮಂಚ ತನ್ನ ಜೊತೆ ದಿಮ್ಮಿ ಲಾರಿಯಲ್ಲಿ ಕೆಲಸ ಮಾಡುವವನಿಗೆ, ಈ ವರ್ಷಕ್ಕಲ್ಲ, ಕಾಯಂ ಆಗಿ ಎಂದು ವೈನೊ ಹೇಳಿಬಿಟ್ಟಿದ್ದ.

ಬೋಡ್ರಿ ಅವಳ ಬಲಗೈಯನ್ನು ಮೊಣಕೈಯಲ್ಲಿ ಮಡಿಸಿ, ಮ್ಯಾಗ್ನಮ್ಮಿನ ಹಿಂತುದಿಯನ್ನು ಮಡಿಕೆಗೆ ತಾಗಿಸಿದರು. ತೋರುಬೆರಳು ಟ್ರಿಗರಿಗೆ ಒಂದು ಇಂಚು ದೂರದಲ್ಲೇ ಉಳಿಯಿತು. ಕಪ್ಪು ಕೋವಿಯಲ್ಲಿ ಬೆರಳು ಸರಿಯಾಗಿ ಕೂತಿತು.

"ಅದು ಅಂಗಿ ಅಳತೆ," ಎಂದ ವೈನೊ. "ಕೋವಿಗೆ ಬೇಕಾದ್ದು ಧೈರ್ಯ."

"ಹಾಗಾದ್ರೆ ಹಿತ್ತಲಿಗೆ ನಡೀರಿ. ಧೈರ್ಯಾನೂ ಅಳೆದೇ ಬಿಡೋಣ."

ಅಂಗಡಿಯ ಹಿಂದೆ ಮಣ್ಣಿನ ದಿಬ್ಬ, ಅದಕ್ಕೆ ಒರಗಿಸಿದ ಹಲಗೆ, ಇತ್ತ ಒಂದು ಬೆಂಚು, ಮರಳಿನ ಚೀಲಗಳು. ಮೂವರೂ ಕಿವಿಗೆ ಮುಚ್ಚಳ ಹಾಕಿಕೊಂಡರು. ಬೋಡ್ರಿ ಮ್ಯಾಗ್ನಮ್ಮಿಗೆ ತಾವೇ ಒಂದು ತೋಟೆ ಹಾಕಿ ಇರ್ಯಾಳ ಕೈಗೆ ಕೊಟ್ಟರು. ಈಡು ಹಾರಿದಾಗ ಬೆಂಚು ಅಲುಗಿತು. ಕೋವಿ ಭುಜಕ್ಕೆ ಒದ್ದ ರಭಸಕ್ಕೆ ಅವಳ ಟೋಪಿ ಹಿಂದಕ್ಕೆ ಸರಿಯಿತು. ಎರಡನೆಯದನ್ನೂ ಬೋಡ್ರಿಯೇ ತುಂಬಿ ಕೊಟ್ಟರು. ಅವಳು ಗುರಿ ಹಿಡಿದು ಟ್ರಿಗರ್ ಒತ್ತಿದಳು. ಟಿಕ್ ಎಂದಿತು, ಅಷ್ಟೆ. ಆದರೆ ನಳಿಗೆ ಮಾತ್ರ ಹಲ್ಲಿಯನ್ನು ಕಂಡವರಂತೆ ಬೆಚ್ಚಿ ನಾಲ್ಕು ಬೆರಳಷ್ಟು ಕೆಳಗೆ ಬಿತ್ತು.

ವೈನೊ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ! ಹಾರದ ಗುಂಡಿಗೇ ಹೆದರಿದಳಲ್ಲಪ್ಪಾ!"

ಬೋಡ್ರಿ ಬೋಲ್ಟು ಎಳೆದು, ಮದ್ದಿಲ್ಲದ ಪೊಳ್ಳು ತೋಟೆಯನ್ನು ಹೊರಗೆ ತೆಗೆದು ತೋರಿಸಿದರು. "ಇದು ಅವಳ ತಪ್ಪಲ್ಲ. ಒಂದು ಸಲ ಒದೆ ತಿಂದ ಭುಜ ಎರಡನೇ ಸಲಕ್ಕೆ ಮೊದಲೇ ಸಿದ್ಧ ಆಗ್ಬಿಡತ್ತೆ. ಗುಂಡು ಹಾರಿದಾಗ ಇದು ಕಾಣಲ್ಲ, ಒದೆತದಲ್ಲಿ ಮುಚ್ಚಿಹೋಗತ್ತೆ. ತಟ್ಟೆಗೆ ಮಾತ್ರ ಕಾಣತ್ತೆ."

ಆಮೇಲೆ 243. ಹತ್ತು ಸಲ ತುಂಬಿ ಕೊಟ್ಟರು. ಯಾವುದು ನಿಜ, ಯಾವುದು ಪೊಳ್ಳು ಎಂಬುದು ಅವರಿಗೊಬ್ಬರಿಗೇ ಗೊತ್ತು. ಮೊದಲ ಪೊಳ್ಳಿಗೆ ನಳಿಗೆ ಒಂದು ಬೆರಳು ಜಗ್ಗಿತು. ಎರಡನೆಯದಕ್ಕೆ ಅದಕ್ಕಿಂತ ಕಡಿಮೆ. ನಾಲ್ಕನೆಯದಕ್ಕೆ ಟಿಕ್ ಎಂದಾಗ ನಳಿಗೆ ಇದ್ದಲ್ಲೇ ಇತ್ತು.

"ಇದರಿಂದ ಜಿಂಕೆ ಬೀಳತ್ತಾ?" ಎಂದು ಕೇಳಿದಳು ಇರ್ಯಾ.

"ಮುಂಗಾಲಿನ ಹಿಂದೆ, ಎದೆಗೆ ಬಿದ್ದರೆ ಬೀಳತ್ತೆ. ಹೊಟ್ಟೆಗೆ ಬಿದ್ದರೆ ಫಿರಂಗಿ ಹೊಡೆದರೂ ಓಡತ್ತೆ. ತೋಟೇನೂ ಅಗ್ಗ, ವಾರ ವಾರ ಬಂದು ಹೊಡೀಬಹುದು. ಮೊದಲನೇ ಕೋವಿಗೆ ನಾನು ಕೇಳೋದು ಅದೊಂದೇ. ಮುಂದಿನ ಶನಿವಾರಾನೂ ಹೊಡೀಬೇಕು ಅನ್ನಿಸತ್ತೋ, ಇಲ್ವೋ?"

"ಮಾತು ಚೆನ್ನಾಗಿದೆ," ಎಂದ ವೈನೊ. "ತಡೀರಿ, ನನ್ನದನ್ನು ತರ್ತೀನಿ. ದೊಡ್ಡ ಕೋವಿ ಹೇಗೆ ಹೊಡೀಬೇಕು ಅಂತ ಇವಳೂ ನೋಡಲಿ."

ಲಾರಿಯಿಂದ ತನ್ನ ಮ್ಯಾಗ್ನಮ್ ತಂದ. ಬೆಂಚಿನಲ್ಲಿ ಕೂತು ಜೇಬಿನಿಂದ ತೋಟೆ ತೆಗೆದ.

"ಕೊಡು ಅಣ್ಣ, ನಾನು ತುಂಬ್ತೀನಿ," ಎಂದು ಇರ್ಯಾ ಕೈ ಚಾಚಿದಳು. "ನೀನು ಆ ಕಡೆ ನೋಡು."

ಅವನು ತೋಟೆಯನ್ನು ಕೊಡಲಿಲ್ಲ. ಕೈಯಲ್ಲೇ ಹಿಡಿದು ದಿಬ್ಬದ ಕಡೆ ನೋಡಿದ. ಬೋಡ್ರಿ ನೆಲದಿಂದ ಹಾರಿದ ತೋಟೆಗಳ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕತೊಡಗಿದರು.

"ಬೇಡ," ಎಂದ ವೈನೊ. "ಭುಜ ನೋಯ್ತಿದೆ. ನಿನ್ನೆ ಇಡೀ ದಿನ ದಿಮ್ಮಿಗೆ ಸರಪಳಿ ಬಿಗಿದಿದ್ದೆ." ಎದ್ದು ಕೋವಿಯನ್ನು ಚೀಲಕ್ಕೆ ಹಾಕಿ ಲಾರಿಯ ಕಡೆ ನಡೆದ.

ಇರ್ಯಾ ಒಳಗೆ ಹೋಗಿ ಅರ್ಜಿ ತುಂಬಿದಳು. ಬೋಡ್ರಿ ಸರ್ಕಾರಿ ತಪಾಸಣೆಗೆಂದು ಫೋನಿನಲ್ಲಿ ಅವಳ ಹೆಸರು, ಹುಟ್ಟಿದ ದಿನ ಓದಿ ಹೇಳಿದರು. ಒಪ್ಪಿಗೆ ಬರಲು ಹನ್ನೊಂದು ನಿಮಿಷ ಹಿಡಿಯಿತು. ಕಪ್ಪು ಕೋವಿಯ ಜೊತೆ ಎರಡು ಡಬ್ಬಿ ತೋಟೆ ಬಂತು. ಮನೆಗೆ ಹೋಗುವ ಹದಿನಾಲ್ಕು ಮೈಲಿಯಲ್ಲಿ ಅಣ್ಣ ತಂಗಿ ಆಡಿದ್ದು ಹವಾಮಾನದ ಮಾತು ಮಾತ್ರ.

ಮುಂದಿನ ಎರಡು ವಾರ ಅವಳು ಸಂಜೆಯ ಬಸ್ಸು ನಿಲ್ಲಿಸಿ ನೇರ ಬೋಡ್ರಿಯವರ ಹಿತ್ತಲಿಗೆ ಹೋದಳು. ಬೆಳಕು ಇರುವ ತನಕ ಹತ್ತು ಈಡು, ಕೆಲವು ದಿನ ಹದಿನೈದು. ಗುಂಡಿನ ತೂತುಗಳು ಮೊದಲು ತಟ್ಟೆಯ ತುಂಬ ಚೆಲ್ಲಿಕೊಂಡಿದ್ದವು. ಕೊನೆಕೊನೆಗೆ ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರವಾದವು.

ನವೆಂಬರ್ ಎಂಟರಂದು ಗುಡಿಸಲಿನ ಹಿಂದಿನ ಬಯಲಿನಲ್ಲಿ ತೆಳ್ಳಗೆ ಹಿಮ ಬಿದ್ದಿತ್ತು. ವೈನೊ, ಇರ್ಯಾ, ಚಿಕ್ಕಪ್ಪನ ಮಗ ಆರ್ವೊ, ಮೂವರೇ. ಮೊಳೆ, ಸುತ್ತಿಗೆ, ಎಣಿಕೆ ಎಲ್ಲ ವೈನೊನದು. ಆರ್ವೊ ಮೊದಲು ಹೊಡೆದ. ಮೂರೂ ಒಳಗೆ ಬಿದ್ದವು.

"ಬಸ್ಸಮ್ಮಾ, ಈಗ ನಿನ್ನ ಸರದಿ," ಎಂದ ಆರ್ವೊ. "ಹಾರ್ನು ಹೊಡೀಬೇಡ, ಜಿಂಕೆ ಓಡಿಹೋಗ್ತಾವೆ."

"ನೀನು ಬಾಯಿ ಮುಚ್ಚಿದ್ರೆ ಸಾಕು, ಅವೇ ಹತ್ತಿರ ಬರ್ತಾವೆ."

ಇರ್ಯಾ ಅವಸರ ಮಾಡಲಿಲ್ಲ. ಒಂದೊಂದು ಈಡಿನ ನಡುವೆ ಕೆನ್ನೆ ಎತ್ತಿ, ಉಸಿರು ಬಿಟ್ಟು, ಮತ್ತೆ ಒರಗಿಸಿದಳು. ವೈನೊ ನೂರು ಗಜ ನಡೆದುಹೋಗಿ ತಟ್ಟೆಯನ್ನು ನೋಡಿದ. ಎರಡು ತೂತು ನಡುವೆ, ಒಂದು ಅಂಚಿನಿಂದ ಅರ್ಧ ಇಂಚು ಒಳಗೆ. ಅಲ್ಲಿಂದಲೇ "ಮೂರು!" ಎಂದು ಕೂಗಿದ. ತಿರುಗಿ ಬಂದು, "ಅಪ್ಪನ ಮಂಚ ನಿನ್ನದು. ಹಾಸಿಗೆ ಮಾತ್ರ ಬದಲಾಯಿಸ್ಕೋ, ಇಲಿ ಕಡಿದಿವೆ," ಎಂದ.

ಆಮೇಲೆ ಸುತ್ತಿಗೆಯನ್ನು ಡಬ್ಬಿಗೆ ಹಾಕಿದ.

ಅಪ್ಪ ಸತ್ತ ಮೇಲೆ ಸುತ್ತಿಗೆ ಹಿಡಿದವನು ವೈನೊ. ಅಂದಿನಿಂದ ಅವನು ತಟ್ಟೆಗೆ ಹೊಡೆದಿರಲಿಲ್ಲ. ನನ್ನ ಗುರಿ ಗೊತ್ತಿರೋದೇ ಎನ್ನುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ಈಗಲೂ ಆರ್ವೊ ಕೇಳಲಿಲ್ಲ. ಇರ್ಯಾ ಡಬ್ಬಿಯ ಹತ್ತಿರ ಹೋದಳು. ಡಬ್ಬಿಯಿಂದ ಸುತ್ತಿಗೆ ತೆಗೆದುಕೊಂಡು, ಹೊಸ ತಟ್ಟೆ ಹಿಡಿದು ಹಲಗೆಯವರೆಗೆ ನಡೆದಳು. ಮೊಳೆ ಹೊಡೆದು ವಾಪಸು ಬಂದಳು.

ವೈನೊ ಲಾರಿಗೆ ಹೋದ. ಬಾಗಿಲು ತೆರೆದು ಒಳಗೆ ಕೂತ. ಆರ್ವೊ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕುಡಿದು ಮುಗಿಸುವಷ್ಟು ಹೊತ್ತಾಯಿತು. ಆಮೇಲೆ ವೈನೊ ಕೋವಿ ಹಿಡಿದು ಬಂದು ಬೆಂಚಿನಲ್ಲಿ ಕೂತ. ಮೂರು ತೋಟೆಗಳನ್ನು ತಂಗಿಯ ಅಂಗೈಗೆ ಹಾಕಿದ.

"ನೀನೇ ತುಂಬು," ಎಂದ, ಆ ಕಡೆ ನೋಡುತ್ತ.

ಅವಳು ಒಂದೊಂದಾಗಿ ತುಂಬಿ ಕೊಟ್ಟಳು. ಪೊಳ್ಳು ಸೇರಿಸದೆ ಅವನು ಕೊಟ್ಟವನ್ನೇ ತುಂಬಿದಳು. ಮೂರೂ ಹಾರಿದವು. ಹಲಗೆಯ ಹತ್ತಿರ ಎಣಿಸಲು ಹೋದವನು ವೈನೊನೇ. ತಟ್ಟೆಯ ಮುಂದೆ ಬಹಳ ಹೊತ್ತು ನಿಂತ. ಒಂದು ಕೈಯಲ್ಲಿ ಹಲಗೆಯ ಕೆಳಭಾಗವನ್ನು ಸವರಿ ನೋಡಿದ.

"ಒಂದು!" ಎಂದು ಕೂಗಿದ. ಇರ್ಯಾಳ ಮೂರನ್ನು ಕೂಗಿದಷ್ಟೇ ಗಟ್ಟಿಯಾಗಿ.

ಹದಿನೈದರಂದು ಬೆಳಿಗ್ಗೆ ಏಳೂಕಾಲಿಗೆ ಹಂಗಾಮು ತೆರೆಯಿತು. ಜೌಗಿನ ಅಂಚಿನ ಮರೆಯಲ್ಲಿ ಇರ್ಯಾ ಕೋವಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ವೈನೊ ಬರಿಗೈಯಲ್ಲಿ ಕೂತಿದ್ದ. ಜಿಂಕೆಗಳು ಸಾಮಾನ್ಯವಾಗಿ ಯಾವ ಕಡೆಯಿಂದ ಇಳಿಯುತ್ತವೆ ಎಂದು ಒಮ್ಮೆ ಬೆರಳು ತೋರಿಸಿದ. ಒಂಬತ್ತು ಇಪ್ಪತ್ತಕ್ಕೆ ಆ ಕಡೆಯಿಂದಲೇ ಎರಡು ಹೆಣ್ಣು ಜಿಂಕೆಗಳು ಬಂದವು, ಐವತ್ತು ಗಜ ದೂರದಲ್ಲಿ ನಿಂತವು. ಅವಳ ಪರವಾನಗಿ ಕೊಂಬಿರುವ ಗಂಡಿಗೆ ಮಾತ್ರ. ಅವು ನೀರು ಕುಡಿದು ಹೋದವು. ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಎದ್ದರು. ಆ ದಿನ ಅವಳ ಕೋವಿಯಿಂದ ಗುಂಡು ಹಾರಲಿಲ್ಲ.