ಮೇಲಿನ ಮಹಡಿಯ ಸಮುದ್ರ

ಡೆಲ್ಮರ್ ತೀರಿಹೋದ ಸುದ್ದಿ ಬಂದಾಗ ಅವನ ಹೆಂಡತಿ ಆರ್ಲಿಸ್ ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತಿದ್ದಳು. ಫೆಬ್ರವರಿ ತಿಂಗಳು. ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಮಿನೆಸೋಟದ ಚಳಿ. ಹೆಂಗಸರೆಲ್ಲ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಏಪ್ರಿಲ್ ತಿಂಗಳಲ್ಲಿ ಸಭೆಯವರು ಒಟ್ಟಾಗಿ ಹೋಗಬೇಕಾಗಿದ್ದ ಹಡಗಿನ ಪ್ರವಾಸದ ಮಾತಾಡುತ್ತಿದ್ದರು. ಆಗ ರೋಲೆಂಡ್ ಮೆಟ್ಟಿಲಿಳಿದು ಬಂದ. ಬೆಳಿಗ್ಗೆ ಅವನೂ ಡೆಲ್ಮರನೂ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಮೀನು ಹಿಡಿಯಲು ಹೋಗಿದ್ದರು. ಈಗ ಒಬ್ಬನೇ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಕಾಫಿ ತಗೋ ರೋಲೆಂಡ್," ಎಂದಳು ಆರ್ಲಿಸ್.

"ಬೇಡ ಬೇಡ. ನಿನಗ್ಯಾಕೆ ತೊಂದ್ರೆ."

"ತೊಂದ್ರೆ ಏನು ಬಂತು? ಮಾಡಿಟ್ಟಿದ್ದೇ ಇದೆ."

"ಇರ್ಲಿ ಬಿಡು."

"ಒಂದು ಗುಟುಕು ಕುಡಿ."

"ಸರಿ, ಹಂಗಾದ್ರೆ ಅರ್ಧ ಲೋಟ ಕೊಡು."

ಅವನು ನಿಂತೇ ಕುಡಿದ. ಲೋಟವನ್ನು ಕೆಳಗಿಟ್ಟ ಮೇಲೆ ಹೇಳಿದ: "ಡೆಲ್ಮರ್‌ಗೆ ಅಷ್ಟು ಚೆನ್ನಾಗಿಲ್ಲ ಆರ್ಲಿಸ್."

"ಎಷ್ಟು ಚೆನ್ನಾಗಿಲ್ಲ?"

ರೋಲೆಂಡ್ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಇದಕ್ಕಿಂತ ಕಮ್ಮಿ ಚೆನ್ನಾಗಿರೋಕೆ ಆಗೋದಿಲ್ಲ. ಅಷ್ಟು."

ಲಟ್ಟಣಿಗೆ ತಾನಾಗಿ ಉರುಳಿ ಮೇಜಿನ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ. ಒಲೆಯ ಮೇಲಿದ್ದ ರೊಟ್ಟಿ ಕರಕಲಾಯಿತು.

ಆ ಊರಿನವರು ಹಾಗೆಯೇ. ಕೆಟ್ಟ ಸುದ್ದಿಯನ್ನಾಗಲಿ, ಒಳ್ಳೆಯ ಆಸೆಯನ್ನಾಗಲಿ ನೆಟ್ಟಗೆ ಬಾಯಿಬಿಟ್ಟು ಹೇಳುವುದು ಅವರಿಗೆ ಮರ್ಯಾದೆಗೇಡು. ಏನು ಕೊಟ್ಟರೂ ಮೊದಲ ಸಲ 'ಬೇಡ' ಎನ್ನಬೇಕು. ಎರಡನೆಯ ಸಲ 'ಇರಲಿ ಬಿಡಿ' ಎನ್ನಬೇಕು. ಮೂರನೆಯ ಸಲ, ಕೊಡುವವರ ಮನಸ್ಸು ನೋಯಬಾರದೆಂಬಂತೆ ಕೈ ಚಾಚಬೇಕು. ಮೊದಲ ಸಲವೇ 'ಕೊಡಿ' ಎಂದವನಿಗೆ ಹೆಣ್ಣು ಕೊಡಲೂ ಅವರು ಯೋಚನೆ ಮಾಡುವರು. ಇದರಿಂದ ನಷ್ಟವೇನೂ ಇರಲಿಲ್ಲ. ನಿಜವಾಗಿ ಬೇಡವಾದಾಗ ಏನನ್ನಬೇಕು ಎಂಬುದಕ್ಕೆ ಮಾತ್ರ ಅವರ ಬಳಿ ಮಾತೇ ಉಳಿದಿರಲಿಲ್ಲ.

ಡೆಲ್ಮರ್ ಬದುಕಿದ್ದಾಗ ಆಗಾಗ ಹೇಳುತ್ತಿದ್ದ: "ನಮ್ಮೂರ ನೆಲ ಅರ್ಧ ವರ್ಷ ಕಬ್ಬಿಣ. ನನಗೋಸ್ಕರ ಯಾರೂ ಗುದ್ದಲಿ ಮುರ್ಕೋಬೇಡಿ. ಸುಟ್ಟು ಬೂದಿ ಮಾಡಿ ಬೆಚ್ಚಗಿನ ನೀರಿಗೆ ಹಾಕ್ಬಿಡಿ." ಹಾಲಿನ ಲಾರಿ ಓಡಿಸಿ ನಿವೃತ್ತನಾದ ಮೇಲೆ ಅವನು ಕಂಡ ಬೆಚ್ಚಗಿನ ನೀರೆಂದರೆ ಈ ವರ್ಷಾವಧಿ ಪ್ರವಾಸದ ಕೆರಿಬಿಯನ್ ಸಮುದ್ರ ಒಂದೇ. ಸಭೆಯವರೆಲ್ಲರೂ ಪ್ರತಿಸಲವೂ ಹಡಗಿನ ಹೊಟ್ಟೆಯೊಳಗಿನ ಸ್ಟ್ಯಾಂಡರ್ಡ್ ಕ್ಯಾಬಿನ್‌ಗಳನ್ನೇ ಹಿಡಿಯುತ್ತಿದ್ದರು. ಅವುಗಳಿಗೆ ಕಿಟಕಿಯಿಲ್ಲ. ಕಿಟಕಿಗೆ ಬದಲಾಗಿ ಟೀವಿಯಿದೆ, ಅದರಲ್ಲಿ ಹಡಗಿನ ಮುಂದಿನ ಸಮುದ್ರವನ್ನು ಹಗಲಿರುಳೂ ತೋರಿಸುತ್ತಾರೆ. "ಒಳ್ಳೆ ಸಮುದ್ರ, ಬೇಡ ಅಂದಾಗ ಆರಿಸಬಹುದು," ಎನ್ನುತ್ತಿದ್ದ ಡೆಲ್ಮರ್. ಆದ್ದರಿಂದ ಶವಸಂಸ್ಕಾರವಾದ ಮೇಲೆ ಚರ್ಚಿನ ಹೆಣ್ಣು ಗುರು ಪಾಸ್ಟರ್ ಸಿಗ್ನೆ ಬಂದು ಕೈಹಿಡಿದು, ಪ್ರವಾಸ ನಿಲ್ಲಿಸೋಣವೇ ಎಂದು ಕೇಳಿದಾಗ ಆರ್ಲಿಸ್ ಹೇಳಿದ್ದು ಇಷ್ಟೇ: "ಪ್ರವಾಸ ನಿಲ್ಲಿಸೋದು ಬೇಡ ಪಾಸ್ಟರ್. ಅವನನ್ನೂ ಕರ್ಕೊಂಡು ಹೋಗೋಣ. ನೀವು ಪ್ರಾರ್ಥನೆ ಹೇಳಿ. ನಮ್ಮವರೆಲ್ಲ ನಿಂತು ಆಮೆನ್ ಅಂದ್ರೆ ಸಾಕು, ನನಗೆ ಬೇರೇನೂ ಬೇಕಾಗಿಲ್ಲ."

ಆದರೆ ಡೆಲ್ಮರನಿಗೆ ಮಾರ್ಸೆಲಾ ಎಂಬ ಅಕ್ಕನಿದ್ದಳು. ದಂತವೈದ್ಯನನ್ನು ಮದುವೆಯಾಗಿ ಅರಿಜೋನಾಗೆ ಹೋಗಿ, ಅಲ್ಲಿಯೇ ವಿಧವೆಯಾಗಿ, ಹಲ್ಲುಗಳಿಂದ ಬಂದ ಆಸ್ತಿಯನ್ನು ಹಡಗುಗಳಲ್ಲಿ ಕರಗಿಸುತ್ತಿದ್ದಳು. ಪ್ರೀಮಿಯಂ ವರ್ಗದ ಕೆಳಗೆ ಆಕೆ ಕಾಲಿಟ್ಟವಳಲ್ಲ. ಅವಳೇ ಹಡಗಿನ ಕಂಪನಿಗೆ ಫೋನ್ ಮಾಡಿ, ಬೂದಿ ಬಿಡುವ ಕ್ರಮವನ್ನೆಲ್ಲ ವಿಚಾರಿಸಿ, ಆರ್ಲಿಸಳಿಗೆ ತಿಳಿಸಿದಳು.

"ಕೇಳಿಸ್ಕೋ ಆರ್ಲಿಸ್. ಸತ್ತವರಿಗೂ ಅಲ್ಲಿ ಎರಡು ತರಗತಿ ಇದೆ. ಸ್ಟ್ಯಾಂಡರ್ಡ್‌ನವರಿಗೆ ಕೆಳಗಡೆ ಹಿಂದುಗಡೆ, ಕೆಲಸದವರು ಹಗ್ಗ ಸುತ್ತಿಡ್ತಾರಲ್ಲ, ಆ ಜಾಗ. ಪ್ರೀಮಿಯಂನವರಿಗೆ ಮೇಲುಗಡೆ ಸ್ವಂತ ಮಹಡಿ. ಬಿಳಿ ಹೂವು, ಪಿಟೀಲು, ಎಲ್ಲಾ ಇರುತ್ತೆ. ನಿನಗೆ ನನ್ನ ಪಕ್ಕದ ಸೂಟ್ ರೂಮ್ ತಗೊಳ್ತೀನಿ."

"ಬೇಡ ಮಾರ್ಸೆಲಾ. ಕೆಳಗೇನೇ ಚೆನ್ನಾಗಿದೆ."

"ನನ್ನ ಲೆಕ್ಕದಲ್ಲಿ ಕಣೇ. ನೀನೇನೂ ಕೊಡಬೇಕಾಗಿಲ್ಲ."

"ನಿಜವಾಗ್ಲೂ ಬೇಡ."

"ನಮ್ಮಪ್ಪ ಜೀವನಪೂರ್ತಿ ಹಸುಗಳ ಹಿಂದುಗಡೆ ಕೂತು ಸತ್ತ. ನನ್ನ ತಮ್ಮನೂ ಹಡಗಿನ ಹಿಂದುಗಡೆಯಿಂದಾನೇ ಹೋಗ್ಬೇಕಾ?" ಎನ್ನುವಾಗ ಮಾರ್ಸೆಲಾಳ ದನಿ ಒಡೆಯಿತು.

"ಹಾಗಲ್ಲ ಮಾರ್ಸೆಲಾ, ನನಗೆ ಬೇಡ ಅಂತ ಹೇಳ್ತಾ..."

"ಮೂರು ಸಲ ಆಯ್ತಲ್ಲ!" ಎಂದು ಮಾರ್ಸೆಲಾ ಮೂಗೆಳೆದುಕೊಳ್ಳುತ್ತಲೇ ನಕ್ಕಳು. "ಊರು ಬಿಟ್ಟು ಎಷ್ಟು ವರ್ಷ ಆದ್ರೂ ನಮ್ಮ ಪದ್ಧತಿ ಮರ್ತಿಲ್ಲ ನಾನು. ಆಯ್ತು, ತಗೊಂಡೆ." ಫೋನ್ ಇಟ್ಟುಬಿಟ್ಟಳು.

ಆರ್ಲಿಸ್ ಫೋನ್ ಕೆಳಗಿಟ್ಟಳು. ಹುಟ್ಟಿದಾಗಿನಿಂದ ಸಾವಿರಾರು ಸಲ ಸುಳ್ಳು 'ಬೇಡ' ಹೇಳಿದ್ದಳು. ಇಂದು ನಿಜವಾದದ್ದನ್ನು ಹೇಳಿದರೆ ಅದು ಹಳೆಯ ಸವೆದ ನಾಣ್ಯದಂತೆ ಚಲಾವಣೆಯಾಗಲಿಲ್ಲ.

ಫ್ಲಾರಿಡಾದ ಬಂದರಿನಲ್ಲಿ ಹಡಗು ಹತ್ತುವಾಗಲೇ ದಾರಿ ಎರಡಾಯಿತು. ಎಡಗಡೆ ನೀಲಿ ಕಾರ್ಡಿನ ಸಾಲು, ಬಲಗಡೆ ಚಿನ್ನದ ಬಣ್ಣದ ಕಾರ್ಡಿನವರಿಗೆ ರತ್ನಗಂಬಳಿ. ರೋಲೆಂಡ್, ಅವನ ಹೆಂಡತಿ ಬರ್ನಡೀನ್, ಪಾಸ್ಟರ್ ಸಿಗ್ನೆ ಮತ್ತು ಉಳಿದ ಸಭೆಯವರು ಸಾಲಿನಲ್ಲಿ ನಿಂತು ಕೈಬೀಸಿದರು. ಆರ್ಲಿಸ್ ಡೆಲ್ಮರನ ಬೂದಿಯಿದ್ದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಗಂಬಳಿಯ ಮೇಲೆ ನಡೆದಳು. ನೀರಿನಲ್ಲಿ ಕರಗುವಂಥ ಕಾಗದದ ಪೆಟ್ಟಿಗೆ ಅದು. ಯಾರೋ ಅವಳ ಕೈಗೆ ದ್ರಾಕ್ಷಾರಸದ ಲೋಟ ಕೊಡಲು ಬಂದರು. "ಬೇಡ" ಎಂದಳು, ಅವರು ಒಡನೆ ಹೊರಟುಹೋದರು. ಆಕೆಗೆ ಬಾಯಾರಿತ್ತು.

ಸೂಟು ಅವಳ ಊರಿನ ಅಂಚೆಕಚೇರಿಗಿಂತ ದೊಡ್ಡದಾಗಿತ್ತು. ತಲೆದಿಂಬುಗಳನ್ನು ಆರಿಸಿಕೊಳ್ಳಲು ಒಂದು ಮೆನು ಇತ್ತು. ಡೆಲ್ಮರನ ಪೆಟ್ಟಿಗೆಯನ್ನು ನೋಡಿ ಕೆಲಸದವರು ಅವನಿಗೂ ಒಂದು ತಲೆದಿಂಬು ತರಲೇ ಎಂದು ಕೇಳಿದರು. ಊಟದ ಮನೆಯಲ್ಲಿ ತಟ್ಟೆ ದೊಡ್ಡದು, ಅದರಲ್ಲಿದ್ದ ಮೀನಿನ ತುಂಡು ಚಿಕ್ಕದು. ಆ ಮೀನು ಯಾವ ಕೊಲ್ಲಿಯದು, ಯಾವ ಬೆಸ್ತ ಹಿಡಿದದ್ದು ಎಂಬುದನ್ನು ಬಡಿಸುವವನು ಹೇಳಿ ಮುಗಿಸುವಷ್ಟರಲ್ಲಿ ಅದು ಆರಿಹೋಗುತ್ತಿತ್ತು. ಪ್ರೀಮಿಯಂನ ಈಜುಕೊಳದ ಸುತ್ತ ಕೆಲವು ಮುದುಕರು ಬಾಯಿ ತೆರೆದುಕೊಂಡು ಮಲಗಿದ್ದರು. ಕೊಳಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಸ್ಟ್ಯಾಂಡರ್ಡ್‌ನವರು ಇಳಿಯುವಂತಿಲ್ಲ ಎಂಬುದೇ ಅವರಿಗೆ ಈಜಿದಷ್ಟು ಸುಖ ಕೊಡುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಆರ್ಲಿಸ್ ಲಿಫ್ಟ್ ಹಿಡಿದು ತನ್ನವರನ್ನು ಹುಡುಕಿಕೊಂಡು ಕೆಳಗೆ ಹೋದಳು. ಐಸ್‌ಕ್ರೀಮಿನ ಯಂತ್ರದ ಮುಂದೆ ಎಲ್ಲರೂ ಸಿಕ್ಕರು.

"ಬಂದ್ರಪ್ಪಾ ಮಹಾರಾಣಿ," ಎಂದ ರೋಲೆಂಡ್. "ಮೇಲುಗಡೆ ಸಮುದ್ರ ಹೆಂಗಿದೆ?"

"ನಿಮ್ಮದೇ ಸಮುದ್ರ. ಸ್ವಲ್ಪ ದೂರ ಇದೆ ಅಷ್ಟೆ."

"ಹತ್ರದಿಂದ ನೋಡ್ಬೇಕು ಅಂದ್ರೆ ನಮ್ಮ ಕ್ಯಾಬಿನ್‌ಗೆ ಬಾ," ಎಂದಳು ಬರ್ನಡೀನ್. "ಇವನು ನಿನ್ನೆಯಿಂದ ರಿಮೋಟ್ ಹಿಡ್ಕೊಂಡು ಸಮುದ್ರದ ಸೌಂಡ್ ಜಾಸ್ತಿ ಮಾಡೋಕೆ ನೋಡ್ತಿದಾನೆ."

ಆರ್ಲಿಸ್ ನಕ್ಕಳು. ಡೆಲ್ಮರ್ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಾಳೆ ಬೆಳಿಗ್ಗೆ ಬೂದಿ ಬಿಡುವಾಗ ಎಲ್ಲರೂ ಮೇಲಿನ ಮಹಡಿಗೆ ಬನ್ನಿ ಎಂದು ಹೇಳಿ ಹೊರಟಳು. ಕೆಳಗಿನವರು ಅಲ್ಲಿಗೆ ಬರಬಾರದೆಂಬ ನಿಯಮವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮಾರ್ಸೆಲಾಳಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಮೇಲಿನ ಮಹಡಿ ಮದುವೆ ಮನೆಯಂತಿತ್ತು. ಬಿಳಿ ಕುರ್ಚಿಗಳು, ಬಿಳಿ ಹೂವು. ಮೂಲೆಯಲ್ಲಿ ಒಬ್ಬ ಪಿಟೀಲಿನವನು ಆಕಳಿಕೆ ತಡೆದುಕೊಂಡು ನಿಂತಿದ್ದ. ಪ್ರೀಮಿಯಂ ಮಹಡಿಯ ಮೇಲ್ವಿಚಾರಕ ಡೋರಿಯನ್ ಎಂಬವನು, ಶೋಕಕ್ಕೆಂದೇ ಕಟ್ಟಿದಂಥ ಕಪ್ಪು ಟೈ ಧರಿಸಿ ಬಂದು ನಮಸ್ಕರಿಸಿದ. "ಮೇಡಂ, ಪ್ರಾರ್ಥನೆ ಮೂರು ಥರ ಇದೆ. ದೇವರಿರೋದು, ದೇವರು ಸ್ವಲ್ಪ ಇರೋದು, ಬರೀ ಸೂರ್ಯ-ಸಮುದ್ರ ಇರೋದು. ನಮ್ಮ ಮನರಂಜನಾ ವಿಭಾಗದವರು ಓದ್ತಾರೆ. ತುಂಬಾ ಚೆನ್ನಾಗಿ ಓದ್ತಾರೆ, ರಾತ್ರಿ ಬಿಂಗೋ ಆಟ ನಡೆಸೋದೂ ಅವರೇ."

"ನಮ್ಮ ಪಾಸ್ಟರ್ ಬರ್ತಾರಪ್ಪ," ಎಂದಳು ಆರ್ಲಿಸ್.

ಡೋರಿಯನ್ ಬಾಗಿಲ ಕಡೆ ನೋಡಿದ. ಆರ್ಲಿಸಳೂ ನೋಡಿದಳು. ಚಿನ್ನದ ಕಾರ್ಡಿಗೆ ಮಾತ್ರ ತೆರೆದುಕೊಳ್ಳುವ ದೊಡ್ಡ ಗಾಜಿನ ಬಾಗಿಲು. ಅದರ ಆಚೆ, ಭಾನುವಾರದ ಬಟ್ಟೆ ತೊಟ್ಟುಕೊಂಡು, ಅವಳ ಸಭೆಯವರೆಲ್ಲ ನಿಂತಿದ್ದರು. ಪಾಸ್ಟರ್ ಸಿಗ್ನೆ ಬಿಳಿಯ ನಿಲುವಂಗಿಯಲ್ಲಿ ಎಲ್ಲರಿಗಿಂತ ಮುಂದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಇದ್ದಳು.

"ಅವರ ಕಾರ್ಡ್ ನೀಲಿ ಮೇಡಂ," ಎಂದ ಡೋರಿಯನ್ ತಗ್ಗಿದ ದನಿಯಲ್ಲಿ, ಯಾರದೋ ಕಾಯಿಲೆಯ ಹೆಸರು ಹೇಳುವವನಂತೆ.

ಅವನು ಬಾಗಿಲನ್ನು ಕೈಯಗಲ ತೆರೆದು ಹೊರಗಿನವರಿಗೆ ನಿಯಮ ತಿಳಿಸಿದ. ರೋಲೆಂಡನ ದನಿ ಒಳಗೆ ಕೇಳಿಸಿತು: "ಅಯ್ಯೋ ಪರವಾಗಿಲ್ಲಪ್ಪಾ. ನಾವು ಇಲ್ಲೇ ನಿಂತ್ಕೋತೀವಿ. ನಮಗೇನೂ ತೊಂದ್ರೆ ಇಲ್ಲ. ಗಾಜು ಭಾಳ ಚೆನ್ನಾಗಿ ಒರೆಸಿದೀರಿ, ಎಲ್ಲಾ ಕಾಣುತ್ತೆ." ಬರ್ನಡೀನಳೂ ಹೌದು ಹೌದು, ನಿಂತರೆ ಕಾಲಿಗೆ ಒಳ್ಳೆಯದು ಎಂದಳು. ಪಾಸ್ಟರ್ ಕೂಡ ಅದೇ ಊರಿನವಳು. ಗಾಜಿನ ಈಚೆಯಿಂದ ಹೇಳಿದರೂ ದೇವರಿಗೆ ಕೇಳಿಸುತ್ತದೆ ಎಂದುಬಿಟ್ಟಳು.

ಡೋರಿಯನ್ ಬಾಗಿಲು ಮುಚ್ಚಿ ಬಂದು ಕೈ ಜೋಡಿಸಿದ. "ಅವರಿಗೇನೂ ಬೇಜಾರಿಲ್ಲವಂತೆ ಮೇಡಂ. ಆರಂಭಿಸೋಣವೇ?"

ಮಾರ್ಸೆಲಾ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಶುರು ಮಾಡ್ಲಿ ಆರ್ಲಿಸ್. ಡೆಲ್ಮರ್‌ಗೆ ಇಷ್ಟೊಂದು ಹೂವು ಯಾವತ್ತು ಸಿಕ್ಕಿತ್ತು ಹೇಳು."

ಅವರು ಹೇಳಿದ 'ಪರವಾಗಿಲ್ಲ' ಎಂಥದೆಂದು ಆರ್ಲಿಸಳಿಗೆ ಗೊತ್ತಿತ್ತು. ಅದು ಮೊದಲನೆಯ ಸಲದ ಮಾತು. ಇನ್ನೆರಡು ಸಲ ಕರೆಯುವವರು ಈ ಮಹಡಿಯಲ್ಲಿ ಯಾರೂ ಇರಲಿಲ್ಲ. ಮೇಜಿನ ಮೇಲೆ ಹೂಗಳ ನಡುವೆ ಡೆಲ್ಮರನ ಪೆಟ್ಟಿಗೆ ಯಾರದೋ ಮದುವೆಗೆ ತಪ್ಪಿ ಬಂದವರಂತೆ ಕುಳಿತಿತ್ತು. ಬಿಂಗೋ ನಡೆಸುವ ಹುಡುಗಿ ಗಂಟಲು ಸರಿಮಾಡಿಕೊಂಡಳು.

"ಬೇಡ," ಎಂದಳು ಆರ್ಲಿಸ್.

ಹೇಳಿದ ಮೇಲೆ, ಇನ್ನೊಮ್ಮೆ ಕೇಳುತ್ತಾರೆಂದು ಕಾಯ್ದಳು. ಆದರೆ ಡೋರಿಯನ್ ಆ ಊರಿನವನಲ್ಲ. ಅವನು ಕೈಯೆತ್ತಿದ. ಹುಡುಗಿ ಪುಸ್ತಕ ಮುಚ್ಚಿದಳು, ಪಿಟೀಲಿನವನು ಪಿಟೀಲು ಇಳಿಸಿದ. ಅವಳ ಒಂದೇ ಒಂದು ಮಾತಿಗೆ ಅಷ್ಟು ಜನ ನಿಂತುಬಿಟ್ಟರು! ಆರ್ಲಿಸ್ ಒಂದು ಕ್ಷಣ ತಾನೇ ಬೆಪ್ಪಾದಳು. ಹೀಗೆಂದು ಗೊತ್ತಿದ್ದರೆ ಈ ಮಾತನ್ನು ಹರೆಯದಲ್ಲಿಯೇ ಬಳಸಬಹುದಾಗಿತ್ತು.

"ನನ್ನ ಗಂಡನ್ನ ಕೆಳಗಡೆ ಕರ್ಕೊಂಡು ಹೋಗ್ತೀನಿ," ಎಂದಳು. "ಹಗ್ಗದ ಜಾಗಕ್ಕೆ."

ಡೋರಿಯನ್ ಮೊದಲ ಸಲ ಗಾಬರಿಯಾದ. "ಮೇಡಂ, ಕೆಳಗಿನವರು ಮೇಲೆ ಬಂದ್ರೆ ಅದಕ್ಕೆ ಅಪ್‌ಗ್ರೇಡ್ ಅಂತೀವಿ. ಮೇಲಿನವರು ಕೆಳಗೆ ಹೋದ್ರೆ... ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ."

"ಇಳಿಯೋದು ಅಂತ ಕರೀಪ್ಪಾ," ಎಂದು ಆರ್ಲಿಸ್ ಪೆಟ್ಟಿಗೆ ಎತ್ತಿಕೊಂಡಳು.

"ಆರ್ಲಿಸ್, ಹುಚ್ಚಾ ನಿನಗೆ?" ಎಂದಳು ಮಾರ್ಸೆಲಾ. "ನಾನು ಅಷ್ಟೆಲ್ಲಾ ಓಡಾಡಿದ್ದು..."

"ಗೊತ್ತು ಮಾರ್ಸೆಲಾ. ಅವನ ಮೇಲಿನ ಪ್ರೀತಿಯಿಂದ ಮಾಡಿದೆ. ಆದ್ರೆ ಅವನ ಜನ ಆ ಗಾಜಿನ ಆಚೆ ಇದಾರೆ. ಆಮೆನ್ ಅನ್ನೋರು ಇಲ್ದೆ ನಾನು ಅವನನ್ನ ಕಳಿಸಲ್ಲ. ಬರೋದಾದ್ರೆ ಬಾ."

ಮಾರ್ಸೆಲಾ ಬರುವುದಿಲ್ಲ ಎಂದಳು. ಆರ್ಲಿಸ್ ಮತ್ತೆ ಕರೆಯಲಿಲ್ಲ. ಗಾಜಿನ ಬಾಗಿಲು ಒಳಗಿನಿಂದ ಯಾವ ಕಾರ್ಡೂ ಇಲ್ಲದೆ ತೆರೆದುಕೊಂಡಿತು.

ಹಡಗಿನ ಅಧಿಕಾರಿಯೊಬ್ಬರು ಅವರನ್ನು ಕೆಳಗೆ ಕರೆದೊಯ್ದರು. ದಪ್ಪ ಹಗ್ಗದ ಸುರುಳಿಗಳು, ಹೊಸ ಬಣ್ಣದ ವಾಸನೆ. ಪಕ್ಕದ ಅಡುಗೆಮನೆಯಿಂದ ಈರುಳ್ಳಿ ಹುರಿಯುವ ವಾಸನೆಯೂ ಬರುತ್ತಿತ್ತು. ಸಮುದ್ರ ಮಾತ್ರ ಕೈಗೆಟುಕುವಷ್ಟು ಹತ್ತಿರ, ಹಸಿರಾಗಿ, ಬೆಚ್ಚಗೆ ಉಸಿರಾಡುತ್ತಿತ್ತು. ಎಲ್ಲರೂ ಒತ್ತೊತ್ತಾಗಿ ನಿಂತರು. ಪಾಸ್ಟರ್ ಪುಸ್ತಕ ತೆರೆಯುವ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಮಾರ್ಸೆಲಾ ಎತ್ತರದ ಹಿಮ್ಮಡಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಇಳಿದು ಬರುತ್ತಿದ್ದಳು.

"ನಮ್ಮ ಲಿಫ್ಟ್ ಇಲ್ಲೀವರೆಗೆ ಬರೋದೇ ಇಲ್ಲ," ಎಂದು ಯಾರನ್ನೂ ನೋಡದೆ ಗೊಣಗಿದಳು. ಬರ್ನಡೀನ್ ಸರಿದು ಜಾಗ ಕೊಟ್ಟಳು.

ಆರ್ಲಿಸ್ ಬಾಗಿ ಪೆಟ್ಟಿಗೆಯನ್ನು ಬಿಟ್ಟಳು. ಅದು ತಕ್ಷಣ ಮುಳುಗಲಿಲ್ಲ. ಒಂದೆರಡು ಅಲೆಗಳ ಮೇಲೆ ತೇಲಿ, ಹಡಗಿನ ಹಿಂದೆ ಬರುವುದೋ ಬೇಡವೋ ಎಂಬಂತೆ ತೂಗಾಡಿತು.

"ಅವನಿಗೆ ಈಜು ಬರ್ತಿರ್ಲಿಲ್ಲ," ಎಂದಳು ಮಾರ್ಸೆಲಾ. ಅವಳ ಮುಖವೆಲ್ಲ ಒದ್ದೆಯಾಗಿತ್ತು.

"ಇನ್ನು ಬೇಕಾಗಲ್ಲ ಬಿಡಿ," ಎಂದ ರೋಲೆಂಡ್, ಮತ್ತು ಟೋಪಿಯಿಂದ ಮುಖ ಮುಚ್ಚಿಕೊಂಡ.

ಪೆಟ್ಟಿಗೆ ಮುಳುಗಿತು. ಯಂತ್ರದ ಗದ್ದಲದಲ್ಲಿ ಪಾಸ್ಟರ್ ಸಿಗ್ನೆ ದನಿಯೆತ್ತಿ ಪ್ರಾರ್ಥಿಸಿದಳು. ಆರ್ಲಿಸ್ ಕಣ್ಣು ಮುಚ್ಚಿ ಒಂದೊಂದು ಮಾತನ್ನೂ ತುಟಿಯಲ್ಲಿ ಹಿಂಬಾಲಿಸಿದಳು:

"ಕರ್ತನೇ, ನಿನ್ನ ಮಗನಾದ ಡೆಲ್ಮರನನ್ನು ನಿನ್ನ ಕೈಗೆ ಒಪ್ಪಿಸಿದ್ದೇವೆ. ಅವನು ಹೆಚ್ಚು ಮಾತಾಡಿದವನಲ್ಲ, ಹೆಚ್ಚು ಕೇಳಿದವನೂ ಅಲ್ಲ. ಏನು ಬೇಕೆಂದು ನೀನು ಕೇಳಿದರೆ ಬೇಡವೆಂದಾನು. ಅವನ ಮಾತು ನಂಬದೆ ಕೊಡು. ಹಿಮದಲ್ಲಿ ದುಡಿದ ಅವನ ಎಲುಬುಗಳಿಗೆ ಬೆಚ್ಚನೆಯ ನೆಮ್ಮದಿ ಕೊಡು. ಅವನನ್ನು ಕಳೆದುಕೊಂಡವರ ಎದೆಗೆ ಬಲ ಕೊಡು. ಈ ನೀರು ಅವನಿಗೆ ಹಾಸಿಗೆಯಾಗಲಿ, ನಿನ್ನ ಕರುಣೆ ಹೊದಿಕೆಯಾಗಲಿ. ನಿನ್ನ ಬೆಳಕು ಅವನ ಮೇಲೆ ಎಂದೆಂದಿಗೂ ಆರದಿರಲಿ. ಅವನ ಆತ್ಮಕ್ಕೆ ಶಾಂತಿ ದಯಪಾಲಿಸು."

"ಆಮೆನ್," ಎಂದರು ಎಲ್ಲರೂ.