ಎರಡೂ ನಂಬರು ಒಂದೇ ಫೋನಿನಲ್ಲಿ

ನಮ್ಮ ಮನೆಯವರಿಗೆ ಬೈಕೆಂದರೆ ಪ್ರಾಣ. ಹೆಂಡತಿಗೆ ಸೀರೆ ತರಬೇಕೆಂದರೆ ದೀಪಾವಳಿ ಬರಬೇಕು, ಬೈಕಿಗೆ ತರಲು ಯಾವ ಹಬ್ಬವೂ ಬೇಕಿಲ್ಲ. ಮೊದಲು ಹ್ಯಾಂಡಲ್ಲಿಗೆ ಮೊಬೈಲ್ ಸ್ಟ್ಯಾಂಡು ಬಂತು, ಆಮೇಲೆ ಹೆಲ್ಮೆಟ್ಟಿನೊಳಗೆ ಬ್ಲೂಟೂತ್, ಕೊನೆಗೆ ಚಾರ್ಜರ್. ಸುಳ್ಳೇಕೆ ಹೇಳಲಿ, ಚಾರ್ಜರನ್ನು ಕಾಟಾಚಾರಕ್ಕೆ ಹಾಕಿಸಿರಲಿಲ್ಲ. ರಾಣೆಬೆನ್ನೂರಿನ ಮೆಕ್ಯಾನಿಕ್ ಮೈಲೇಶ ಬ್ಯಾಟರಿಯಿಂದ ಫ್ಯೂಸ್ ಇಟ್ಟೇ ಲೈನ್ ತೆಗೆದಿದ್ದ. ಹ್ಯಾಂಡಲ್ ತಿರುಗಿಸಿದಾಗ ಜಗ್ಗದಂತೆ ವೈರ್ ಸಡಿಲ ಬಿಟ್ಟು, ಕೇಬಲ್ ಸಿಕ್ಕಿಸುವ ಬಾಯಿಗೆ ರಬ್ಬರ್ ಮುಚ್ಚಳವನ್ನೂ ಕೊಟ್ಟಿದ್ದ.

“ಯುವರಾಜಣ್ಣ, ಚಾರ್ಜ್ ಮಾಡದಿದ್ದಾಗ ಮುಚ್ಚಳ ಹಾಕ್ರಿ. ಒಳಗ ನೀರು ಹೋಗಬಾರ್ದು,” ಎಂದು ಹೇಳಿದ್ದ.

ಇವರು ದೊಡ್ಡದಾಗಿ ತಲೆ ಆಡಿಸಿದ್ದರು. ಆ ಮುಚ್ಚಳ ಮರುದಿನದಿಂದಲೇ ಜೋತುಬಿತ್ತು. ನಾನು ಹೇಳಿ ಹೇಳಿ ಬಾಯಿ ನೋಯಿಸಿಕೊಂಡೆ ಅಷ್ಟೇ.

ಆದರೆ ಚಾರ್ಜರ್ ಹಾಕಿಸಿದ್ದು ಶೋಕಿಗಲ್ಲ, ನಮ್ಮ ಅಪ್ಪ ತಿರಕಪ್ಪನ ಸಲುವಾಗಿ. ಅಪ್ಪನ ಹೊಲ ಇರುವುದು ಹಲಗೇರಿಯಲ್ಲಿ, ಈಗ ಅವನು ಇರುವುದು ನಮ್ಮ ಜೊತೆ ರಾಣೆಬೆನ್ನೂರಿನಲ್ಲಿ. ಬಲಗಣ್ಣು ಹರೆಯದಲ್ಲೇ ಸುಣ್ಣ ಸಿಡಿದು ಹೋಗಿತ್ತು. ಹೋದ ವರ್ಷ ಗೋವಿನಜೋಳದ ಎಲೆಯ ಅಂಚು ಎಡಗಣ್ಣಿಗೆ ಬಡಿದು, ಹುಣ್ಣಾಗಿ, ಕರಿಗುಡ್ಡೆಯ ಮೇಲೆ ಬೆಳ್ಳಗೆ ಕಟ್ಟಿಕೊಂಡಿತು. ಬೆಳಕು, ಕತ್ತಲೆ ಬಿಟ್ಟರೆ ಏನೂ ಕಾಣದು. ಯಾರಾದರೂ ದಾನ ಕೊಟ್ಟ ಕಣ್ಣು ಬಂದರೆ ಕಸಿ ಮಾಡುತ್ತೇವೆಂದು ಹುಬ್ಬಳ್ಳಿಯ ಆಸ್ಪತ್ರೆಯವರು ಹೆಸರು ಬರೆದುಕೊಂಡಿದ್ದರು.

“ಕಣ್ಣು ಬಂದ ದಿನ ಫೋನ್ ಮಾಡ್ತೀವ್ರಿ. ನಿಮ್ಮ ಫೋನ್ ಹತ್ತಲಿಲ್ಲಂದ್ರ ಮುಂದಿನವರಿಗೆ ಹೋಗ್ತೈತಿ. ಅದಕ್ಕ ಎರಡು ನಂಬರ್ ಕೊಡ್ರಿ,” ಎಂದಿದ್ದಳು ನರ್ಸ್.

ಎರಡನೆಯದು ನನ್ನ ನಂಬರ್ ಅಂದುಕೊಂಡಿದ್ದೆ. “ನೀ ಫೋನ್ ಚೀಲದಾಗ ಒಗದು ಮರೀತಿ,” ಎಂದು ಇವರು ತಮ್ಮವೇ ಎರಡೂ ನಂಬರ್ ಬರೆಸಿದರು. ಎರಡೂ ಸಿಮ್ ಇದ್ದದ್ದು ಒಂದೇ ಮೊಬೈಲಿನಲ್ಲಿ. ಅದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಪ್ಪನಿಗೆ ಲಗೂ ಕಣ್ಣು ಸಿಗಲೆಂದು ಬೇಡಿಕೊಳ್ಳಲು ಒಂದು ಶನಿವಾರ ಇಬ್ಬರೂ ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋದೆವು. ಹೇಗೂ ಬಂದಿದ್ದೇವೆಂದು ಗಾಡಿಗೂ ಪೂಜೆಯಾಯಿತು. ಅರ್ಚಕರು ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಗಾಲಿಗೆ ನೀರು ಚಿಮುಕಿಸಿದರು. ಇವರಿಗೆ ಅಷ್ಟು ಸಾಲಲಿಲ್ಲ. ಅರ್ಧ ಹೋಳಿನಲ್ಲಿ ಉಳಿದಿದ್ದ ಕಾಯಿನೀರನ್ನೆಲ್ಲ ಭಕ್ತಿಯಿಂದ ಹ್ಯಾಂಡಲ್ ಮೇಲೆ ಸುರಿದು ಕಣ್ಣಿಗೊತ್ತಿಕೊಂಡರು.

“ರೀ, ಚಾರ್ಜರ್ ಬಾಯಿ ತೆರದೈತಿ,” ಎಂದೆ.

“ಒರಸ್ತೀನಿ ತಗೋ,” ಎಂದು ಟವೆಲಿನ ತುದಿಯಿಂದ ಮೇಲೆ ಮೇಲೆ ಒರೆಸಿದರು. ದಾರಿಯುದ್ದಕ್ಕೂ ಹಾಡು ಕೇಳಿ ಫೋನಿನ ಚಾರ್ಜ್ ಇಳಿದಿತ್ತು. ಹ್ಯಾಂಡಲ್ ಮೇಲೆಯೇ ನೆನೆದಿದ್ದ ಕೇಬಲನ್ನು ಫೋನಿಗೆ ಸಿಕ್ಕಿಸಿದೊಡನೆ ಪರದೆಯ ಮೇಲೆ ನೀರಿನ ಹನಿಯ ಗುರುತು ಬಂತು.

“ನೀರು ಹೊಕ್ಕೈತಿ ಅಂತ ಅದ ಹೇಳಾಕತ್ತೇತಿ ನೋಡ್ರಿ. ಆರೂತನಕ ಕೇಬಲ್ ತೆಗೀರಿ.”

“ಫ್ಯೂಸ್ ಐತಿ, ಏನೂ ಆಗಂಗಿಲ್ಲ. ದವಾಖಾನಿಯಿಂದ ಫೋನ್ ಬಂದ್ರ ಚಾರ್ಜ್ ಬೇಕೋ ಬ್ಯಾಡೋ?” ಎಂದು ಗುರುತನ್ನು ಬೆರಳಿನಿಂದ ಸರಿಸಿಬಿಟ್ಟರು. ಫ್ಯೂಸ್ ಇರುವುದು ಬೈಕಿನ ವೈರ್ ಉರಿಯದಿರಲಿ ಎಂದು. ಒದ್ದೆಯಾದ ಕೇಬಲ್ ಫೋನಿನ ಬಾಯನ್ನು ಸುಟ್ಟರೆ ಅದು ಏನು ಮಾಡೀತು? ಇದನ್ನು ಮೈಲೇಶ ಆಮೇಲೆ ಬಿಡಿಸಿ ಹೇಳಿದ. ಆಗ ಗೊತ್ತಾಗಿ ಏನು ಬಂತು.

ಗುಡಿಯಿಂದ ಹಾಗೇ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೊರಟೆವು. ಊರ ಹತ್ತಿರ ಹಾಡಿನ ಜೊತೆಗಿನ ಇವರ ಗುನುಗುವಿಕೆ ನಿಂತಿತು. ಏನೋ ಯೋಚನೆಯಲ್ಲಿದ್ದಾರೆ ಅಂದುಕೊಂಡೆ. ಹಾಡು ನಿಂತದ್ದು ನೆಟ್‌ವರ್ಕ್ ಹೋಗಿ ಎಂದು ಇವರು ತಿಳಿದರಂತೆ. ಬಿಸಿಲಿಗೆ ಪರದೆ ಹೇಗೂ ಕಾಣುತ್ತಿರಲಿಲ್ಲ. ಏನೋ ಸುಟ್ಟ ವಾಸನೆ ಬರುತ್ತಿತ್ತು, ನಿಜ. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮದವರು ಯಾರು? ಚಾರ್ಜ್ ಆಗಲೆಂದು ಫೋನನ್ನು ಗಾಡಿಯಲ್ಲೇ ಬಿಟ್ಟು ನಿಧಾನಕ್ಕೆ ಮೆಣಸಿನಕಾಯಿ ಆರಿಸಿದೆವು, ಚಹಾ ಕುಡಿದೆವು, ಹೊರಟೆವು. ಊರು ದಾಟಿದ ಮೇಲೂ ವಾಸನೆ ಬಿಡದಿದ್ದಾಗ ತೊಡೆಯ ಮೇಲಿನ ಚೀಲದ್ದೇ ಅಂದುಕೊಂಡೆ. ಕೊನೆಗೆ ಅದು ಪ್ಲಾಸ್ಟಿಕ್ ವಾಸನೆ ಎಂದು ಖಾತ್ರಿಯಾಗಿ ಕೂಗಿದೆ. ಕಿವಿಯಲ್ಲಿ ಬ್ಲೂಟೂತ್ ಇದ್ದವರಿಗೆ ಕೇಳುವುದೆಲ್ಲಿ? ಹೆಲ್ಮೆಟ್ಟಿನ ಮೇಲೆ ಬಡಿದಾಗ ನಿಲ್ಲಿಸಿದರು.

ಫೋನು ಬಂದ್ ಆಗಿ, ಹಂಚಿನ ಮೇಲಿನ ರೊಟ್ಟಿಯಂತೆ ಸುಡುತ್ತಿತ್ತು. ಕೇಬಲ್ಲಿನ ತುದಿ ಕರಗಿ ಒಳಗೇ ಅಂಟಿತ್ತು. ನಡುರಸ್ತೆ ಎಂದೂ ನೋಡದೆ ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಸೆರಗಿನ ಪಿನ್ನಿನಿಂದ ಸಿಮ್ ತೆಗೆಸಿ ನನ್ನ ಫೋನಿಗೆ ಹಾಕಿಸಿದೆ. ಸ್ವಲ್ಪ ಹೊತ್ತಿಗೆ ಮಿಸ್ಡ್ ಕಾಲಿನ ಮೆಸೇಜುಗಳು ಸಾಲಾಗಿ ಬಂದವು. ಎಲ್ಲವೂ ಆಸ್ಪತ್ರೆಯ ನಂಬರಿನಿಂದ. ಕೂಡಲೇ ಆ ನಂಬರಿಗೆ ಫೋನ್ ಹಚ್ಚಿದೆ.

“ಎಷ್ಟು ಸಲ ಮಾಡೀವ್ರಿ,” ಎಂದಳು ನರ್ಸ್. “ಒಂದು ನಂಬರ್ ಬಂದ್, ಇನ್ನೊಂದೂ ಬಂದ್. ಮುಂದಿನವರಿಗೆ ಹೇಳೀವಿ, ಅವರು ಬಂದು ಅಡ್ಮಿಟ್ ಆಗ್ಯಾರ.”

“ಈಗ ಹೊಂಟ್ರೂ ಆಗಂಗಿಲ್ಲೇನ್ರಿ?”

“ಬರ್ರಿ ಅಂತ ಕರದವರಿಗೆ ಹೋಗ್ರಿ ಅನ್ನಾಕ ಬರಂಗಿಲ್ರಿ. ನಿಮ್ಮ ಹೆಸರು ಐತಿ, ಮತ್ತ ಬಂದಾಗ ಮಾಡ್ತೀವಿ.”

ನನ್ನ ನಂಬರ್ ಬರೆಸಿದೆ. ಮತ್ತೆ ಯಾವಾಗ ಎಂದು ಕೇಳಿದರೆ ಅದು ಹೇಳಲು ಬರುವುದಿಲ್ಲವೆಂದಳು. ಇವರು ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದರು. ನನಗೆ ಇನ್ನೂ ಬೈಯಬೇಕೆನಿಸುತ್ತಿತ್ತು, ಆದರೆ ಚೀಲ ಎತ್ತಿಕೊಂಡು ಗಾಡಿಯ ಹತ್ತಿರ ಹೋಗಿ ನಿಂತೆ.

ಮನೆ ಮುಟ್ಟಿದಾಗ ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಇವರು ಚಪ್ಪಲಿ ಬಿಟ್ಟು ನನ್ನ ಹಿಂದೆಯೇ ಸದ್ದಿಲ್ಲದೆ ಒಳಬಂದರು. “ನೀನ ಹೇಳು, ನನ್ನ ಕಡಿಂದ ಆಗೂದಿಲ್ಲ,” ಎಂದು ಅಂಗಳದಲ್ಲೇ ಹೇಳಿದ್ದರು. ಮುಚ್ಚಿಟ್ಟು ಏನು ಮಾಡುವುದು? ಕಾಯಿನೀರಿನಿಂದ ನರ್ಸಿನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

ಅಪ್ಪ ಬಾಗಿಲ ಕಡೆ ಕಿವಿ ಕೊಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ.

“ಯುವರಾಜ ಹೊರಗ ನಿಂತಾನೇನು?”

ನಾನು ಉತ್ತರ ಕೊಡುವ ಮೊದಲೇ ನನ್ನ ಮೊಣಕೈ ಹಿಡಿದು ಹತ್ತಿರ ಜಗ್ಗಿದ.

“ನನಗ ಬಾಳ ಸಂಕಟ ಆತು, ಮೀನಾಕ್ಷಿ. ಈ ಸಲ ಬಿತ್ತಗಿಗೆ ಯಾರ ಕೈನೂ ಹಿಡೀದ ಹೊಲಕ್ಕ ಹೋಗ್ತೀನಿ ಅಂತ ಮಾಡಿದ್ದೆ. ಆದ್ರ ಇದನ್ನ ಅವನ ಮುಂದ ಅನಬ್ಯಾಡ. ಮಾವಗ ಏನೂ ಅನಿಸಿಲ್ಲ, ನಕ್ಕು ಬಿಟ್ಟ ಅಂತ ಹೇಳು. ಪಾಪ, ನನ್ನ ಸಲುವಾಗಿನ ಹೋಗಿದ್ದ ಅಂವ.”

ಇವರು ಅಪ್ಪನ ಎದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದರು.

“ಹೂಂ ಅಪ್ಪ, ಹೇಳ್ತೀನಿ,” ಎಂದೆ.